ಬೆಲೆ ಏರಿದಷ್ಟೂ ಬರಿದಾಗುವ ಕಾಡು: ಜೀವಂತ ಸರೀಸೃಪಗಳ ಮಾರುಕಟ್ಟೆ ಮತ್ತು ಮಲೆನಾಡು

ಶಿಕಾರಿಪುರ ಕಡೆಯ ನೆಂಟರೊಬ್ಬರ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಒಮ್ಮೆ ಕೆಲಸದವರಿಗೆ ಮಣ್ಣುಮುಕ್ಕ ಹಾವೊಂದು ಸಿಕ್ಕಿತು. ಬಾಲದ ತುದಿ ಮೊಂಡಾಗಿ ತಲೆಯಂತೆಯೇ ಕಾಣುವುದರಿಂದ ಊರಿನಲ್ಲಿ ಅದಕ್ಕೆ ಎರಡು ತಲೆ ಹಾವು ಎನ್ನುತ್ತಾರೆ. ಕೆಂಗಂದು ಬಣ್ಣ, ಮುಟ್ಟಿದರೆ ಸುರುಳಿ ಸುತ್ತಿಕೊಂಡು ತಲೆಯನ್ನು ಅಡಿಗೆ ಹುದುಗಿಸಿಕೊಳ್ಳುವ ಸ್ವಭಾವ. ವಿಷವಿಲ್ಲ, ಇಲಿ ತಿಂದು ರೈತನಿಗೆ ಉಪಕಾರವನ್ನೇ ಮಾಡುತ್ತದೆ. ಅದನ್ನು ಬದುವಿಗೇ ಬಿಟ್ಟು ಮನೆಗೆ ಬಂದೆವು. ಸಂಜೆಯೊಳಗೆ ನೆಂಟರ ಫೋನಿಗೆ ಗುರುತಿಲ್ಲದವರ ಕರೆ ಬಂತು. ಆ ಕಡೆಯವನು ಕೇಳಿದ್ದು ಒಂದೇ ಮಾತು: “ಅಣ್ಣಾ, ತೂಕ ಎಷ್ಟು ಬರುತ್ತೆ?”

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹಾವಿನ ಜಾತಿಯನ್ನಾಗಲಿ, ಅದು ಸಿಕ್ಕ ಜಾಗವನ್ನಾಗಲಿ, ಅದು ಬದುಕಿದೆಯೇ ಎಂಬುದನ್ನಾಗಲಿ ಆತ ವಿಚಾರಿಸಲಿಲ್ಲ. ಎರಡು ತಲೆ ಹಾವಿನ ವ್ಯವಹಾರದಲ್ಲಿ ಬೆಲೆಯನ್ನು ನಿರ್ಧರಿಸುವುದು ತೂಕ. ಎರಡು ಕಿಲೋ ದಾಟಿದರೆ ಇಷ್ಟು ಲಕ್ಷ, ಮೂರು ದಾಟಿದರೆ ಕೋಟಿ ಎಂಬ ಲೆಕ್ಕ ಬಾಯಿಂದ ಬಾಯಿಗೆ ಹರಡಿಕೊಂಡಿದೆ. ಮೂರು ಅಡಿ ಮೀರಿ ಬೆಳೆಯುವುದೇ ಅಪರೂಪವಾಗಿರುವ ಈ ಹಾವು ಆ ತೂಕ ಮುಟ್ಟುವುದಿಲ್ಲವಾದ್ದರಿಂದ, ಹಿಡಿದವರು ಅದರ ಹೊಟ್ಟೆಗೆ ಲೋಹದ ಗುಂಡು ತುರುಕಿ ತೂಕ ಹೆಚ್ಚಿಸಿದ ಪ್ರಕರಣಗಳೂ ನಡೆದಿವೆ. ಅದೃಷ್ಟ ತರುತ್ತದೆ, ನಿಧಿ ತೋರಿಸುತ್ತದೆ, ಔಷಧಕ್ಕಾಗುತ್ತದೆ ಎಂಬ ನಂಬಿಕೆಗಳ ಮೇಲೆ ನಿಂತ ಈ ಸರಪಳಿಯಲ್ಲಿ ಕೊನೆಯ ಗ್ರಾಹಕ ಯಾರೆಂದು ಹುಡುಕುತ್ತ ಹೋದರೆ ಅಲ್ಲಿ ಮತ್ತೊಬ್ಬ ಮಧ್ಯವರ್ತಿಯೇ ಸಿಗುತ್ತಾನೆ. ಅಕ್ಕಿಕಾಳನ್ನು ತನ್ನತ್ತ ಸೆಳೆಯುವ ಪವಾಡದ ಪಾತ್ರೆಯೆಂದು ನಂಬಿಸುವ ರೈಸ್ ಪುಲ್ಲಿಂಗ್ ಚೊಂಬಿನ ಹೆಸರಿನಲ್ಲಿ ಮನೆ ಕಳೆದುಕೊಂಡವರನ್ನು ಕಂಡ ನಮ್ಮ ಜಿಲ್ಲೆಗಳಿಗೆ ಈ ಬಗೆಯ ವ್ಯವಹಾರದ ಪರಿಚಯ ಇದ್ದೇ ಇದೆ. ವ್ಯತ್ಯಾಸವೆಂದರೆ, ಚೊಂಬು ಮೋಸದಲ್ಲಿ ಹಾಳಾಗುವುದು ಹಣ. ಇಲ್ಲಿ ಜೀವ ಹೋಗುತ್ತದೆ. 2016ರಿಂದ 2021ರವರೆಗಿನ ಅವಧಿಯಲ್ಲಿ ದೇಶದಲ್ಲಿ ಈ ಒಂದು ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳನ್ನು ವೈಲ್ಡ್‌ಲೈಫ್ ಕನ್ಸರ್ವೇಶನ್ ಸೊಸೈಟಿಯ ಭಾರತ ಘಟಕ ಲೆಕ್ಕ ಹಾಕಿದೆ. ಸುದ್ದಿಗೆ ಬಂದವು ಮಾತ್ರ ಆ ಲೆಕ್ಕದಲ್ಲಿವೆ.

ಇದು ಮಾರುಕಟ್ಟೆಯ ಒರಟು ತುದಿ. ಇದರ ಇನ್ನೊಂದು ತುದಿ ಬಹಳ ನಾಜೂಕಾದದ್ದು. ಯುರೋಪ್, ಅಮೆರಿಕ, ಜಪಾನ್, ಆಗ್ನೇಯ ಏಷ್ಯಾಗಳಲ್ಲಿ ಸರೀಸೃಪಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸ ದೊಡ್ಡದಾಗಿ ಬೆಳೆದಿದೆ. ಜರ್ಮನಿಯ ಹಾಮ್ ಪಟ್ಟಣದಲ್ಲಿ ವರ್ಷಕ್ಕೆ ಹಲವು ಸಲ ಇದಕ್ಕಾಗಿಯೇ ಸಂತೆ ನೆರೆಯುತ್ತದೆ. ಅಲ್ಲಿನ ದರಪಟ್ಟಿಗಳ ಭಾಷೆಯೇ ಬೇರೆ. ಹೆಸರಿನ ಮುಂದೆ 1.1 ಎಂದು ಬರೆದಿದ್ದರೆ ಒಂದು ಗಂಡು, ಒಂದು ಹೆಣ್ಣು, 0.0.3 ಎಂದಿದ್ದರೆ ಲಿಂಗ ಗೊತ್ತಾಗದ ಮೂರು ಮರಿಗಳು. ಸಿಬಿ ಎಂದರೆ ಸಾಕಿದಲ್ಲಿಯೇ ಹುಟ್ಟಿದ್ದು, ಡಬ್ಲ್ಯೂಸಿ ಎಂದರೆ ಕಾಡಿನಿಂದ ಹಿಡಿದದ್ದು. ಇದರ ಜೊತೆಗೆ ಕೆಲವು ಪ್ರಾಣಿಗಳ ಹೆಸರಿನ ಮುಂದೆ ಊರಿನ ಅಥವಾ ಬೆಟ್ಟದ ಹೆಸರು ಬಿದ್ದಿರುತ್ತದೆ. ಒಂದೇ ಜಾತಿಯ ಹಲ್ಲಿಯಾದರೂ ಇಂಥ ಬೆಟ್ಟದ್ದು ಎಂದರೆ ಬೆಲೆ ಬೇರೆ. ಮಲೆನಾಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಶಿವಮೊಗ್ಗದ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೇ ಅಡಿಕೆಗೆ ನಾಲ್ಕು ಹೆಸರು, ನಾಲ್ಕು ದರ; ಸರಕಿಗೂ ಗೊರಬಲಿಗೂ ಇರುವ ಅಂತರವನ್ನು ನಮ್ಮಲ್ಲಿ ಮಕ್ಕಳೂ ಬಲ್ಲರು.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ, ಮತ್ತು ನಾನು ಹೇಳಬೇಕಾದ ಮುಖ್ಯ ಮಾತು ಶುರುವಾಗುವುದೂ ಇಲ್ಲಿಂದಲೇ. ಅಡಿಕೆಗೆ ಬೆಲೆ ಬಂದಾಗ ಏನಾಯಿತೆಂದು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ: ಗದ್ದೆಗಳು ತೋಟವಾದವು, ಬಯಲುಸೀಮೆಯ ಒಣ ಹೊಲಗಳಲ್ಲೂ ಕೊಳವೆಬಾವಿ ಕೊರೆದು ಸಸಿ ನೆಟ್ಟರು. ಬೆಲೆ ಏರಿತು, ಬೆಳೆ ಹೆಚ್ಚಿತು. ಇನ್ನು ಬೆಳೆ ಹೆಚ್ಚಿ ಬೆಲೆ ಬಿದ್ದೀತೆಂಬ ಭಯ ರೈತನದು. ಕಾಡಿನ ಹಲ್ಲಿಗೆ ಬೆಲೆ ಬಂದಾಗ ಹಲ್ಲಿ ಹೆಚ್ಚುವುದಿಲ್ಲ. ಒಂದು ಸಲಕ್ಕೆ ಎರಡೇ ಮೊಟ್ಟೆ ಇಡುವ, ಒಂದೇ ಬಂಡೆಸಾಲಿನಲ್ಲಿ ಬದುಕುವ ಪುಟ್ಟ ಹಲ್ಲಿಯನ್ನು ಹಿಡಿದಷ್ಟೂ ಅದು ಅಪರೂಪವಾಗುತ್ತದೆ, ಅಪರೂಪವಾದಷ್ಟೂ ಸಂಗ್ರಾಹಕನಿಗೆ ಅದರ ಮೋಹ ಹೆಚ್ಚುತ್ತದೆ, ಮೋಹ ಹೆಚ್ಚಿದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಾಗ ಉಳಿದಿರುವ ನಾಲ್ಕಾರನ್ನು ಹುಡುಕಿಕೊಂಡು ಎಷ್ಟು ದೂರ ಬೇಕಾದರೂ ಹೋಗುವುದು ಲಾಭದಾಯಕವಾಗುತ್ತದೆ. ಬೇರೆ ಸರಕುಗಳಲ್ಲಿ, ಹುಡುಕುವ ಖರ್ಚು ಗಳಿಕೆಗಿಂತ ಹೆಚ್ಚಾದಾಗ ಬೇಟೆ ತಾನಾಗಿ ನಿಲ್ಲುತ್ತದೆ. ಇಲ್ಲಿ ಆ ತಡೆ ಕೆಲಸ ಮಾಡುವುದಿಲ್ಲ. ಫ್ರಾಂಕ್ ಕೂರ್‌ಶಾಂ ಎಂಬ ಫ್ರೆಂಚ್ ವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಇದನ್ನು ಸಿದ್ಧಾಂತವಾಗಿಯೇ ಮಂಡಿಸಿದರು: ವಿರಳತೆಗೇ ಬೆಲೆ ಕಟ್ಟುವ ಮಾರುಕಟ್ಟೆ ಒಂದು ಜೀವಿಯನ್ನು ಪೂರ್ತಿ ಅಳಿಸಿಬಿಡಬಲ್ಲದು.

ಅದೇ 2006ರಲ್ಲಿ ಬ್ರಯಾನ್ ಸ್ಟುವರ್ಟ್ ಮತ್ತಿತರ ವಿಜ್ಞಾನಿಗಳು ‘ಸೈನ್ಸ್’ ಪತ್ರಿಕೆಯಲ್ಲಿ ತಮ್ಮದೇ ವೃತ್ತಿಯನ್ನು ಪ್ರಶ್ನಿಸುವ ಪತ್ರವೊಂದನ್ನು ಪ್ರಕಟಿಸಿದರು. ಅದರಲ್ಲಿ ಎರಡು ಉದಾಹರಣೆಗಳಿದ್ದವು. ಇಂಡೋನೇಷ್ಯಾದ ರೋಟಿ ಎಂಬ ಸಣ್ಣ ದ್ವೀಪದ ಉದ್ದ ಕತ್ತಿನ ಆಮೆಯನ್ನು ಹೊಸ ಪ್ರಭೇದವೆಂದು ವರ್ಣಿಸಿದ್ದು 1994ರಲ್ಲಿ. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅದು ಕಾಡಿನಿಂದ ಬಹುತೇಕ ಕಣ್ಮರೆಯಾಯಿತು. ಚೀನಾ ಮತ್ತು ವಿಯೆಟ್ನಾಂ ಗಡಿಯ ಗೋನಿಯೂರೋಸಾರಸ್ ಲೂಯಿ ಎಂಬ ಗುಹೆ ಹಲ್ಲಿಯನ್ನು ವರ್ಣಿಸಿದ್ದು 1999ರಲ್ಲಿ. ಆಮದು ದೇಶಗಳಲ್ಲಿ ಅದರ ಒಂದೊಂದರ ಬೆಲೆ 1,500ರಿಂದ 2,000 ಡಾಲರ್ ತಲುಪಿತು, ಮತ್ತು ಅದು ಮೊದಲು ಸಿಕ್ಕಿದ್ದ ಜಾಗದಲ್ಲಿಯೇ ನಿರ್ನಾಮವಾಯಿತು. ಹೊಸ ಪ್ರಭೇದವನ್ನು ಪ್ರಕಟಿಸುವಾಗ ಸಿಕ್ಕ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಡುವುದು ವಿಜ್ಞಾನದ ಶಿಸ್ತು. ವ್ಯಾಪಾರಿಗೆ ಬೇಕಾದ ವಿಳಾಸವೂ ಅದೇ. ಈ ಕಾರಣಕ್ಕೆ ಈಗ ಅನೇಕರು ಜಾಗವನ್ನು ಮಸುಕಾಗಿಸಿ ಬರೆಯುತ್ತಾರೆ.

ಪಶ್ಚಿಮ ಘಟ್ಟದಲ್ಲಿ ಕಳೆದ ಎರಡು ದಶಕಗಳಲ್ಲಿ ಹೊಸ ಹಲ್ಲಿಗಳ, ಹಾವುಗಳ ವರ್ಣನೆ ಒಂದರ ಹಿಂದೊಂದು ಬರುತ್ತಿರುವುದರಿಂದ ಈ ಸಂಗತಿ ನಮಗೆ ದೂರದ್ದಲ್ಲ. 2024ರಲ್ಲಿ ಘಟ್ಟದ ಕಾಳಿಂಗ ಸರ್ಪವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಅದಕ್ಕೆ ‘ಓಫಿಯೋಫಾಗಸ್ ಕಾಳಿಂಗ’ ಎಂದೇ ಹೆಸರಿಟ್ಟಾಗ, ಕನ್ನಡದ ಪದವೊಂದು ಜೀವವಿಜ್ಞಾನದ ಪುಸ್ತಕ ಸೇರಿತೆಂದು ನಾವು ಸಂತೋಷಪಟ್ಟೆವು. ಸಂತೋಷ ಸಹಜವೇ. ಅದರ ಜೊತೆಗೆ, ಅಲ್ಲಿಯವರೆಗೆ ಒಂದೇ ಆಗಿದ್ದ ಕಾಳಿಂಗ ಅಂದಿನಿಂದ ನಾಲ್ಕು ಪ್ರಭೇದಗಳಾದಾಗ, ಸಂಗ್ರಾಹಕನ ಪಟ್ಟಿಯಲ್ಲಿಯೂ ಒಂದರ ಜಾಗದಲ್ಲಿ ನಾಲ್ಕು ಖಾನೆಗಳಾಗುತ್ತವೆ ಎಂಬುದನ್ನೂ ಅರಿತಿರಬೇಕು. ನಮ್ಮ ಮಲಬಾರ್ ಗುಳಿಮಂಡಲದ ವಿಷಯದಲ್ಲಿ ಈ ಖಾನೆಗಳು ಇನ್ನೂ ಹೆಚ್ಚು. ಮಳೆಗಾಲದಲ್ಲಿ ಆಗುಂಬೆಯ ಸುತ್ತ ಅದು ಹಸಿರಾಗಿಯೂ, ಹಳದಿಯಾಗಿಯೂ, ಕಂದಾಗಿಯೂ, ಕಿತ್ತಳೆಯ ಛಾಯೆಯಲ್ಲಿಯೂ ಕಾಣಿಸುತ್ತದೆ. ನಮಗೆ ಅವೆಲ್ಲ ಒಂದೇ ಹಾವು. ಬಣ್ಣಕ್ಕೆ ಬೆಲೆ ಕಟ್ಟುವವನಿಗೆ ಒಂದೊಂದೂ ಬೇರೆ ಬೇರೆ ಮಾಲು.

ಬಣ್ಣದ ಬೆಲೆ ಹೇಗೆ ಹುಟ್ಟುತ್ತದೆ, ಹೇಗೆ ಬೀಳುತ್ತದೆ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು ಒಳ್ಳೆಯ ದೃಷ್ಟಾಂತ. ಘಾನಾ, ಟೋಗೋ, ಬೆನಿನ್ ದೇಶಗಳಿಂದ 1975ರಿಂದೀಚೆಗೆ 30 ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ಜೀವಂತವಾಗಿ ರಫ್ತಾಗಿವೆ. ಸಾದಾ ಬಣ್ಣದವು ಅಗ್ಗ. ಕಾಡಿನಿಂದ ಬಂದ ಸಾವಿರಾರರಲ್ಲಿ ಎಲ್ಲೋ ಒಂದು ಬಿಳಿಚಿದ್ದು, ಚುಕ್ಕೆ ತಪ್ಪಿದ್ದು ಸಿಕ್ಕರೆ ಅದನ್ನು ತಳಿ ಬೆಳೆಸುವವರು ಸಾವಿರಾರು ಡಾಲರ್ ಕೊಟ್ಟು ಕೊಳ್ಳುತ್ತಾರೆ. 1992ರಲ್ಲಿ ಅಮೆರಿಕದಲ್ಲಿ ಮೊದಲ ಸಲ ಬಿಳಿ ಬಣ್ಣವನ್ನು ಮರಿಗಳಿಗೆ ದಾಟಿಸಿ ತೋರಿಸಿದ ಮೇಲೆ ಇದೊಂದು ಹೂಡಿಕೆಯೇ ಆಯಿತು. ಮರಿಗಳು ಹೆಚ್ಚಿದಂತೆ ಆ ಬಣ್ಣದ ಬೆಲೆ ಇಳಿಯಿತು, ಇಳಿದಂತೆ ಹೊಸ ಬಣ್ಣದ ಹುಡುಕಾಟ ನಡೆಯಿತು. ಸಾಕಿ ಬೆಳೆಸಿದರೆ ಕಾಡಿನ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂಬ ವಾದಕ್ಕೆ ಈ ಹಾವಿನ ಮಟ್ಟಿಗೆ ಸ್ವಲ್ಪ ಬಲವಿದೆ; ಆದರೂ ಅಷ್ಟು ವರ್ಷ ಸಾಕಿದ ಮೇಲೂ ಆಫ್ರಿಕಾದಿಂದ ರಫ್ತು ನಿಂತಿಲ್ಲ. ‘ಸ್ಪೈಡರ್’ ಎಂಬ ಬಣ್ಣದ ತಳಿಯ ಹಾವುಗಳಂತೂ ಹುಟ್ಟಿನಿಂದಲೇ ನರದ ತೊಂದರೆ ಹೊತ್ತು, ತಲೆ ನಡುಗಿಸುತ್ತ, ಗುರಿ ತಪ್ಪಿ ಬೇಟೆಗೆ ಎರಗುತ್ತ ಬದುಕುತ್ತವೆ. ಚೆಂದ ಕಾಣುವುದೆಂದು ಅವನ್ನು ಹುಟ್ಟಿಸುತ್ತಲೇ ಇರುವುದನ್ನು ನಾನು ಒಪ್ಪಲಾರೆ.

ಇಷ್ಟು ದೊಡ್ಡ ವ್ಯಾಪಾರಕ್ಕೆ ನಿಯಮವಿಲ್ಲವೇ ಎಂದು ಕೇಳಬಹುದು. ಇದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸಲು 1973ರಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಅದರ ಒಂದನೇ ಅನುಬಂಧದಲ್ಲಿರುವ ಕಾಡುಜೀವಿಗಳ ವಾಣಿಜ್ಯ ವಹಿವಾಟು ನಿಷಿದ್ಧ, ಎರಡನೆಯದರಲ್ಲಿರುವವಕ್ಕೆ ಪರವಾನಗಿ ಬೇಕು. ಕೊರತೆ ಇರುವುದು ಪಟ್ಟಿಯ ಗಾತ್ರದಲ್ಲಿ. ಬೆಂಜಮಿನ್ ಮಾರ್ಷಲ್, ಕಾಲಿನ್ ಸ್ಟ್ರೈನ್ ಮತ್ತು ಆಲಿಸ್ ಹ್ಯೂಸ್ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಸರೀಸೃಪ ಪ್ರಭೇದಗಳಲ್ಲಿ ಶೇ 36ರಷ್ಟು, ಅಂದರೆ 3,900ಕ್ಕೂ ಹೆಚ್ಚು ಪ್ರಭೇದಗಳು ವ್ಯಾಪಾರದಲ್ಲಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಸೈಟಿಸ್ ಪಟ್ಟಿಯ ಹೊರಗಿವೆ. ಮಲೆನಾಡಿನ ಪುಟ್ಟ ಹಲ್ಲಿಗಳಲ್ಲಿ ಬಹುಪಾಲು ಹೊರಗಿರುವ ಗುಂಪಿಗೇ ಸೇರಿದವು. ತೋಟದ ಅಡಿಕೆ ಮರಕ್ಕೆ ಅಂಟಿಕೊಂಡು, ಗಂಟಲಿನ ಹಳದಿ ಪರದೆಯನ್ನು ಬಿಚ್ಚಿ ಮಡಚುತ್ತ ಕೂರುವ ಹಾರುವ ಓತಿಯೂ ಅಲ್ಲಿಯೇ ಇದೆ.

ಪಟ್ಟಿಯ ಹೊರಗಿರುವುದೆಂದರೆ ಏನೆಂಬುದನ್ನು ಶ್ರೀಲಂಕಾದ ಬೆಟ್ಟಗಳ ಓತಿಗಳು ತೋರಿಸಿಕೊಟ್ಟಿವೆ. ಆ ದೇಶ ಅವುಗಳ ರಫ್ತಿಗೆ ಎಂದೂ ಒಪ್ಪಿರಲಿಲ್ಲ. ಆದರೂ ಕದ್ದು ಸಾಗಿಸಿದ ಓತಿಗಳನ್ನು ಯುರೋಪಿನಲ್ಲಿ ರಾಜಾರೋಷವಾಗಿ ಮಾರುತ್ತಿದ್ದರು. ಮೂಲ ದೇಶದ ಕಾನೂನನ್ನು ಮುರಿದು ತಂದ ಪ್ರಾಣಿಯನ್ನು ಮಾರುವುದೂ ಅಪರಾಧವೆನ್ನುವ ಲೇಸಿ ಕಾಯ್ದೆ ಅಮೆರಿಕದಲ್ಲಿ ದಶಕಗಳಿಂದಲೂ ಇದೆ. ಯುರೋಪಿನಲ್ಲಿ ಅಂಥದ್ದು ಇರಲಿಲ್ಲ. ಕೊನೆಗೆ 2019ರ ಸೈಟಿಸ್‌ನ ಜಿನೀವಾ ಸಮಾವೇಶದಲ್ಲಿ ಆ ಓತಿಗಳು ಪಟ್ಟಿ ಸೇರಿದವು. ನಮ್ಮ ಪೂರ್ವ ಘಟ್ಟದ, ಒಡಿಶಾದ ಜೇಪೋರ್ ಊರಿನ ಹೆಸರು ಹೊತ್ತ ನೆಲಹಲ್ಲಿಯ ಕಥೆಯೂ ಹೀಗೆಯೇ. ನೂರು ವರ್ಷಕ್ಕೂ ಹೆಚ್ಚು ಕಾಲ ಕಣ್ಣಿಗೆ ಬೀಳದೆ ಮತ್ತೆ ಪತ್ತೆಯಾದ ಅದು ಯುರೋಪಿನ ಮಾರಾಟಗಾರರ ಬಳಿ ಕಾಣಿಸಿಕೊಂಡಿತು. 2022ರಲ್ಲಿ ಭಾರತದ ಪ್ರಸ್ತಾವದಂತೆ ಎರಡನೇ ಅನುಬಂಧಕ್ಕೆ ಸೇರಿತು. ಪರ್ಯಾಯ ದ್ವೀಪದ ನದಿಗಳ ಲೀತ್ ಮೃದುಚಿಪ್ಪಿನ ಆಮೆ ಅದೇ ಸಭೆಯಲ್ಲಿ ಒಂದನೇ ಅನುಬಂಧಕ್ಕೆ ಏರಿತು.

ಪಟ್ಟಿಗೆ ಸೇರಿಸುವುದೂ ಬೆಲೆಯನ್ನು ಅಲುಗಾಡಿಸುತ್ತದೆ. 2023ರಲ್ಲಿ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಮಂಡಿಯಲ್ಲಿ ಎಷ್ಟು ಲೆಕ್ಕಾಚಾರ ನಡೆಯಿತೆಂಬುದನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೈಟಿಸ್ ಸಮಾವೇಶಕ್ಕೆ 150 ದಿನ ಮೊದಲೇ ಪ್ರಸ್ತಾವ ಸಲ್ಲಿಸಬೇಕು, ನಿರ್ಧಾರವಾದ 90 ದಿನಗಳ ಬಳಿಕ ಅದು ಜಾರಿಗೆ ಬರುತ್ತದೆ. ಹೀಗೆ ನಿಷೇಧ ಬರಲಿದೆ ಎಂದು ಲೋಕಕ್ಕೆಲ್ಲ ತಿಳಿದ ಮೇಲೂ ಕನಿಷ್ಠ ಎಂಟು ತಿಂಗಳು ವ್ಯಾಪಾರಿಗೆ ಸಿಗುತ್ತದೆ. ಈ ಅವಧಿಯಲ್ಲಿ ಹಲವು ಜೀವಿಗಳ ಕಾನೂನುಬದ್ಧ ವಹಿವಾಟು ದಿಢೀರನೆ ಏರಿದ್ದನ್ನು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ದಾಖಲಿಸಿದೆ. ಹಾಗೆಂದು ಪಟ್ಟಿಯೇ ಬೇಡವೆನ್ನುವ ವಾದ ನನ್ನದಲ್ಲ. ಆ ಎಂಟು ತಿಂಗಳ ಬಾಗಿಲನ್ನು ಮುಚ್ಚುವ ವಿಧಾನ ಬೇಕು.

ನಿಷೇಧದ ಸುತ್ತ ಇನ್ನೊಂದು ದಾರಿಯಿದೆ, ಕಾಗದದ ದಾರಿ. ಸೈಟಿಸ್ ಪರವಾನಗಿಯಲ್ಲಿ ಪ್ರತಿ ಪ್ರಾಣಿಯ ಮೂಲಕ್ಕೆ ಒಂದು ಅಕ್ಷರ: ಕಾಡಿನದ್ದಕ್ಕೆ ಡಬ್ಲ್ಯೂ, ಸಾಕಿದಲ್ಲಿ ಹುಟ್ಟಿದ್ದಕ್ಕೆ ಸಿ. ಆ ಒಂದು ಅಕ್ಷರ ಬದಲಾದರೆ ಕದ್ದ ಪ್ರಾಣಿ ಸಾಚಾ ಆಗುತ್ತದೆ. ಜೆಸ್ಸಿಕಾ ಲಯನ್ಸ್ ಮತ್ತು ಡೇನಿಯಲ್ ನಾಟುಶ್ 2011ರಲ್ಲಿ ಇಂಡೋನೇಷ್ಯಾದ ಹಸಿರು ಹೆಬ್ಬಾವಿನ ವ್ಯಾಪಾರವನ್ನು ಬೆನ್ನುಹತ್ತಿ ನೋಡಿದಾಗ, ಸಾಕಣೆಯದೆಂದು ರಫ್ತಾದವುಗಳಲ್ಲಿ ಶೇ 80ರಷ್ಟು ಕಾಡಿನಿಂದಲೇ ಹಿಡಿದವೆಂಬ ಅಂದಾಜಿಗೆ ಬಂದರು. ನಮ್ಮ ನಕ್ಷತ್ರ ಆಮೆಯದೂ ಇಂಥದೇ ಪಾಡು. ಕೋಲಾರ, ಚಿಕ್ಕಬಳ್ಳಾಪುರದ ಕುರುಚಲು ಕಾಡುಗಳಿಂದ ಆಂಧ್ರದವರೆಗೆ ಹಬ್ಬಿರುವ ಈ ಆಮೆಯನ್ನು ಒಂದೇ ವ್ಯಾಪಾರ ಕೇಂದ್ರದ ಸುತ್ತ ವರ್ಷಕ್ಕೆ ಕನಿಷ್ಠ 55,000ದಷ್ಟು ಹಿಡಿಯುತ್ತಾರೆಂದು 2015ರ ಅಧ್ಯಯನವೊಂದು ಲೆಕ್ಕ ಹಾಕಿತು. ಅದು ಒಂದನೇ ಅನುಬಂಧಕ್ಕೆ ಸೇರಲು 2019ರವರೆಗೆ ಕಾಯಬೇಕಾಯಿತು.

ಬೆಲೆಯೊಳಗೆ ಸೇರಿಕೊಂಡಿರುವ ಸಾವಿನ ಲೆಕ್ಕ ಇದಕ್ಕಿಂತ ಘೋರವಾದದ್ದು. 2009ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಸಗಟು ಸಾಕುಪ್ರಾಣಿ ವ್ಯಾಪಾರಿಯೊಬ್ಬನ ಗೋದಾಮಿನಿಂದ 26,000ಕ್ಕೂ ಹೆಚ್ಚು ಪ್ರಾಣಿಗಳನ್ನು ವಶಪಡಿಸಿಕೊಂಡಾಗ ಅವುಗಳಲ್ಲಿ ಶೇ 80ರಷ್ಟು ರೋಗಪೀಡಿತವಾಗಿದ್ದವು, ಗಾಯಗೊಂಡಿದ್ದವು ಇಲ್ಲವೇ ಸತ್ತಿದ್ದವು. ಅಲ್ಲಿ ಆರು ವಾರದ ಒಂದು ಸುತ್ತಿಗೆ ದಾಸ್ತಾನಿನ ಶೇ 72ರಷ್ಟು ಸಾಯುತ್ತಿತ್ತು. ಅಷ್ಟು ಸತ್ತರೂ ವ್ಯಾಪಾರ ಲಾಭದಲ್ಲಿ ನಡೆಯುತ್ತದೆಂದರೆ, ಕಾಡಿನ ತುದಿಯಲ್ಲಿ ಆ ಜೀವಕ್ಕೆ ಕೊಟ್ಟ ಬೆಲೆ ಎಷ್ಟು ಕಡಿಮೆ ಇದ್ದಿರಬೇಕೆಂಬುದನ್ನು ಊಹಿಸಬಹುದು. ಹಿಡಿದುಕೊಟ್ಟವನಿಗೆ ಸಿಗುವುದು ಪುಡಿಗಾಸು. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನೂ ಅವನೇ.

ಈ ಹರಿವು ಈಗ ನಮ್ಮ ಕಡೆಗೂ ತಿರುಗಿದೆ. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸೂಟ್‌ಕೇಸಿನಲ್ಲಿ ಬೆಂಗಳೂರಿನ ಕಸ್ಟಮ್ಸ್ ಅಧಿಕಾರಿಗಳಿಗೆ ಹೆಬ್ಬಾವು, ಗೋಸುಂಬೆ, ಇಗುವಾನಾ, ಆಮೆ ಸೇರಿ 234 ಪ್ರಾಣಿಗಳು ಸಿಕ್ಕವು. ಜೊತೆಯಲ್ಲಿ ಉಸಿರುಗಟ್ಟಿ ಸತ್ತಿದ್ದ ಕಾಂಗರೂ ಮರಿ. ಮರುತಿಂಗಳು ಅದೇ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದಲೇ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತಿದ್ದ ಆರು ಕಪುಚಿನ್ ಕೋತಿಗಳು. ಆ ಕಾಳಿಂಗಗಳ ಸುದ್ದಿ ಬಂದಾಗ ನಮ್ಮೂರಿನ ಕೆಲವರು, ಆಗುಂಬೆ ಕಾಡಿಗೆ ತಂದು ಬಿಡಬಹುದಿತ್ತಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಬ್ಯಾಂಕಾಕ್‌ನಿಂದ ಬಂದ ಹಾವು ಬಹುಮಟ್ಟಿಗೆ ಬೇರೆಯೇ ಪ್ರಭೇದದ್ದು. ನಮ್ಮ ಹಾವಿನೊಡನೆ ಬೆರೆತರೂ ಹಾನಿ, ಹೊತ್ತು ತಂದ ರೋಗ ಹರಡಿದರೂ ಹಾನಿ. ವಶಪಡಿಸಿಕೊಂಡ ಪ್ರಾಣಿಯ ಬಿಡುಗಡೆ ಎಂಬುದು ಅಷ್ಟು ಸುಲಭವಲ್ಲ.

ಇಷ್ಟೊಂದು ವಿದೇಶಿ ಸರೀಸೃಪಗಳು ಇಲ್ಲಿಗೆ ಬರಲು ಕಾನೂನಿನ ಒಂದು ಬಿರುಕು ಕಾರಣವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುತ್ತಿದ್ದದ್ದು ಹೆಚ್ಚಾಗಿ ದೇಶದ ಪ್ರಾಣಿಗಳನ್ನು. ಗಡಿಯಲ್ಲಿ ಸಿಕ್ಕಿಬೀಳದೆ ಒಳಬಂದ ಇಗುವಾನಾವನ್ನು ಇಲ್ಲಿಯೇ ಹುಟ್ಟಿದ್ದೆಂದು ಹೇಳಿದರೆ ಕೇಳುವವರಿರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ, ದಾಖಲೆ ಕೇಳುವುದಿಲ್ಲ, ಆರು ತಿಂಗಳಲ್ಲಿ ಘೋಷಿಸಿಕೊಳ್ಳಿ ಎಂದಾಗ ಸಾವಿರಾರು ಜನ ಮುಂದೆ ಬಂದರು. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯನ್ನು ಕಾಯ್ದೆಯೊಳಗೆ ತಂದಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಅಂಥ ಪ್ರಾಣಿ ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ವರದಿ ಮಾಡಬೇಕು. ಒಳ್ಳೆಯ ಹೆಜ್ಜೆ. ಆದರೆ ಪಟ್ಟಿಯ ಹೊರಗಿನ ಜೀವಿಗಳಿಗೆ ಈ ನೋಂದಣಿಯೂ ಇಲ್ಲ.

ಅಗ್ಗದ ಪ್ರಾಣಿಯ ಅಪಾಯವನ್ನೂ ಹೇಳಲೇಬೇಕು. ಕಿವಿಯ ಬಳಿ ಕೆಂಪು ಪಟ್ಟಿಯಿರುವ ಅಮೆರಿಕದ ಆಮೆಯ ಮರಿಗಳು ನಾಣ್ಯದಷ್ಟಿರುವಾಗ ಅಕ್ವೇರಿಯಂ ಅಂಗಡಿಗಳಲ್ಲಿ ಮಕ್ಕಳ ಕಣ್ಣಿಗೆ ಬೀಳುತ್ತವೆ. ನಾಲ್ಕಾರು ವರ್ಷಕ್ಕೆ ಅವು ಊಟದ ತಟ್ಟೆಯಷ್ಟಾಗುತ್ತವೆ, ನೀರು ನಾರುತ್ತದೆ, ಮನೆಯವರಿಗೆ ಸಾಕೆನಿಸುತ್ತದೆ. ಕೊಲ್ಲಲು ಮನಸ್ಸು ಬಾರದೆ ಹತ್ತಿರದ ಕೆರೆಗೋ ಹೊಳೆಗೋ ಬಿಡುತ್ತಾರೆ. ಜಗತ್ತಿನ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆ ಇದೆ. ಸಾಲ್ಮೊನೆಲ್ಲಾ ಸೋಂಕಿನ ಭಯದಿಂದ ಅಮೆರಿಕವೇ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟವನ್ನು ತನ್ನಲ್ಲಿ ನಿಷೇಧಿಸಿತು. ರಫ್ತು ಮಾತ್ರ ನಡೆಯಿತು. ತುಂಗೆಯ ದಡದಲ್ಲಿ ನಿಂತು ಅಂಥದ್ದನ್ನು ನೀರಿಗೆ ಬಿಡಲು ಹೊರಟಿದ್ದ ಕುಟುಂಬವೊಂದನ್ನು ನಾನು ತಡೆದದ್ದುಂಟು. ಅವರಿಗೆ ಅದು ಪುಣ್ಯದ ಕೆಲಸವಾಗಿ ಕಂಡಿತ್ತು.

ಮಲೆನಾಡಿನಲ್ಲಿ ಈಗ ಹೋಂಸ್ಟೇಗಳು ಹೆಚ್ಚಿವೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹಾವು, ಕಪ್ಪೆ ನೋಡಲು ಬರುವವರೂ ಹೆಚ್ಚಿದ್ದಾರೆ. ಅವರಲ್ಲಿ ಬಹುಪಾಲು ನಿಜವಾದ ಪ್ರೀತಿಯಿಂದ ಬರುವವರೇ. ಅವರಿಂದ ನಮ್ಮ ಹುಡುಗರಿಗೆ ಕೆಲಸವೂ ಸಿಕ್ಕಿದೆ. ಆದರೆ ಗುಳಿಮಂಡಲ ದಿನಗಟ್ಟಲೆ ಒಂದೇ ಕೊಂಬೆಯ ಮೇಲೆ ಕೂತಿರಬಲ್ಲ ಹಾವು. ಅದರ ಚಿತ್ರವನ್ನು ಜಾಗದ ಗುರುತಿನೊಡನೆ ಹಂಚಿಕೊಂಡರೆ ಮರುದಿನವೂ ಅದು ಅಲ್ಲಿಯೇ ಇರುತ್ತದೆ. ಕಳೆದ ಶ್ರಾವಣದಲ್ಲಿ ನಾನು ಹಾಕಿದ್ದ ಹಳದಿ ಗುಳಿಮಂಡಲದ ಚಿತ್ರವೊಂದನ್ನು ನೋಡಿ ಪರಿಚಯವಿಲ್ಲದವರೊಬ್ಬರು, ಯಾವ ಊರು, ರಸ್ತೆಯಿಂದ ಎಷ್ಟು ದೂರ, ಅದೇ ಬಣ್ಣದ್ದು ಇನ್ನೂ ಇವೆಯೇ ಎಂದು ಮೂರು ಸಲ ಬರೆದು ಕೇಳಿದರು. ಅವರು ಬರೀ ಛಾಯಾಗ್ರಾಹಕರೇ ಇದ್ದಿರಬಹುದು. ಆದರೂ ನಾನು ಊರಿನ ಹೆಸರು ಹೇಳಲಿಲ್ಲ. ಆ ಚಿತ್ರದ ಕೆಳಗೆ ಈಗ ‘ಮಲೆನಾಡು’ ಎಂದಷ್ಟೇ ಇದೆ.